ಅಕ್ಕನ ಮಗುವಿಗೆ ಮಾದ್ರಿನ್ ನಿಂತದ್ದು

ಕುಮಟೆಯ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದ ಮೊದಲ ಕಪ್ ಅನ್ನು ಅಮ್ಮ ಹೊನ್ನಾವರದ ನಮ್ಮ ಮನೆಯ ಆಲ್ತಾರಿನ ಮೇಲೆ, ಯೇಸುವಿನ ಪವಿತ್ರ ಹೃದಯದ ಪಟದ ಎದುರಿಗೇ ಇಟ್ಟುಬಿಟ್ಟಳು. ಗೋಡೆಗೆ ಬಡಿದ ಒಂದು ಹಲಗೆ, ಅದರ ಮೇಲೆ ಕಸೂತಿ ಹಾಕಿದ ಬಿಳಿ ಬಟ್ಟೆ, ಎರಡು ಮೇಣದಬತ್ತಿ, ಒಂದು ಪಟ: ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲಿ ಆಲ್ತಾರ್ ಎಂದರೆ ಇಷ್ಟೇ. ಕಪ್ಪಿಗೆ ಜಾಗ ಮಾಡಲು ಅವಳು ಒಂದು ಮೇಣದಬತ್ತಿಯನ್ನು ಪಕ್ಕಕ್ಕೆ ಸರಿಸಿದಳು. "ದೇವರು ಕೊಟ್ಟದ್ದು, ದೇವರ ಹತ್ರವೇ ಇರ್ಲಿ" ಎಂದಳು. ಚರ್ಚೆಯ ವಿಷಯ ಏನಿತ್ತು ಎಂದು ಅವಳು ಕೇಳಲಿಲ್ಲ. ಕೇಳದ್ದನ್ನು ನಾನು ಹೇಳಲಿಲ್ಲ. ದೇವರ ಮೇಲೆ ನಂಬಿಕೆಯಿಲ್ಲದೆಯೂ ಮನುಷ್ಯ ನೀತಿವಂತನಾಗಿ ಬಾಳಬಲ್ಲ ಎಂಬುದು ವಿಷಯ. ನಾನು ಪರ. ಎಷ್ಟು ಚೆನ್ನಾಗಿ ಪರ ಎಂದರೆ, ತೀರ್ಪುಗಾರರಲ್ಲೊಬ್ಬರಾಗಿದ್ದ ವಕೀಲರು ವೇದಿಕೆಯಿಂದ ಇಳಿದು ಬಂದು, "ನೀನು ಕೋರ್ಟಿಗೆ ಬಾರೇ ಹುಡುಗಿ, ಇಲ್ಲಿ ಎಂತಕ್ಕೆ ಸಮಯ ಹಾಳು ಮಾಡ್ತೆ?" ಎಂದಿದ್ದರು.

ನನ್ನನ್ನು ತಯಾರು ಮಾಡಿದವರು ಕಾಲೇಜಿನ ತರ್ಕಶಾಸ್ತ್ರದ ಮೇಷ್ಟ್ರು. ಅವರದು ಒಂದೇ ನಿಯಮ. ಎದುರು ಪಕ್ಷದ ವಾದವನ್ನು ಎದುರು ಪಕ್ಷದವರಿಗಿಂತ ಚೆನ್ನಾಗಿ ಹೇಳಲು ಬಂದರೆ ಮಾತ್ರ ಎದ್ದು ನಿಲ್ಲಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿ ಕೂತುಕೊಳ್ಳಬೇಕು. ಹೊನ್ನಾವರದಿಂದ ಕುಮಟೆಗೆ ಹೋಗುವ ಬಸ್ಸಿನಲ್ಲಿ ನಾನು ಎರಡೂ ಕಡೆಯ ವಾದಗಳನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದೆ. ಹಳದೀಪುರದಲ್ಲಿ ಹತ್ತುವ ಹೆಂಗಸರು, ತರಕಾರಿ ಬುಟ್ಟಿಯನ್ನು ಕಾಲಡಿಗೆ ತಳ್ಳಿಕೊಂಡು, ಈ ಹುಡುಗಿ ಏನೋ ಜಪ ಮಾಡುತ್ತಿದ್ದಾಳೆ ಎಂದು ದೂರ ಸರಿದು ಕೂರುತ್ತಿದ್ದರು. ನನಗೆ ಅದೂ ಒಂದು ಗೆಲುವೇ. ಬಸ್ಸಿನಲ್ಲಿ ಅಷ್ಟು ಜಾಗ ಯಾರಿಗೆ ಸಿಗುತ್ತಿತ್ತು?

ಇನ್ನು ನಂಬಿಕೆಯ ಮಾತು. ನಾನು ಇಗರ್ಜಿಗೆ ಹೋಗುತ್ತಿದ್ದೆ, ಸಂಜೆ ಜಪಸರಕ್ಕೆ ಮನೆಯವರ ಜೊತೆ ಮೊಣಕಾಲೂರುತ್ತಿದ್ದೆ. ಊರಲ್ಲಿ ಹುಡುಗಿಯೊಬ್ಬಳು ಇವನ್ನೆಲ್ಲ ಬಿಟ್ಟರೆ ಕೇಳುವ ಪ್ರಶ್ನೆಗಳಿಗೆ ಅಮ್ಮ ಉತ್ತರ ಕೊಡಬೇಕಾಗುತ್ತಿತ್ತು, ನಾನಲ್ಲ. ಅದಕ್ಕಾಗಿ ಹೋಗುತ್ತಿದ್ದೆ. ಆದರೆ ಒಳಗಡೆ ನಾನು ವಿರೋಧ ಪಕ್ಷದ ಬೆಂಚಿನಲ್ಲಿ ಕೂತವಳು. ಇದು ಅಕ್ಕನೊಬ್ಬಳಿಗೆ ಗೊತ್ತಿತ್ತು. ನಮ್ಮಿಬ್ಬರ ನಡುವೆ ಸುಳ್ಳು ನಡೆಯುತ್ತಿರಲಿಲ್ಲ.

ಅಕ್ಕನನ್ನು ಭಟ್ಕಳಕ್ಕೆ ಕೊಟ್ಟಿತ್ತು. ಎರಡನೆಯ ಹೆರಿಗೆಗೆ ಅವಳು ತವರಿಗೆ ಬಂದಳು; ಹೆಣ್ಣು ಮಗು ಹುಟ್ಟಿತು. ಅರವತ್ತರ ದಶಕ ಅರ್ಧ ಕಳೆದಿತ್ತು. ಆಗೆಲ್ಲ ಮಗು ಹುಟ್ಟಿದ ಮುಂದಿನ ಭಾನುವಾರವೋ ಅದರಾಚೆಯದೋ ಜ್ಞಾನಸ್ನಾನ ಆಗಲೇಬೇಕು, ಅದೂ ಹುಟ್ಟಿದ ಊರಿನ ಇಗರ್ಜಿಯಲ್ಲೇ. ಮಾತು ಬಾರದ ಮಗುವಿನ ಪರವಾಗಿ ಇಬ್ಬರು ನಿಂತು ಪಾದ್ರಿಗಳ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಗಂಡಸಿಗೆ ಪಾದ್ರಿನ್, ಹೆಂಗಸಿಗೆ ಮಾದ್ರಿನ್ ಎನ್ನುತ್ತೇವೆ. ಮೊದಲ ಮಗುವಿಗೆ ಅಜ್ಜ ಅಜ್ಜಿಯರು ನಿಲ್ಲುವುದು ರೂಢಿ. ಎರಡನೆಯದಕ್ಕೆ ಪಾದ್ರಿನ್ ಗಂಡನ ಕಡೆಯಿಂದ, ಮಾದ್ರಿನ್ ಹೆಂಡತಿಯ ಕಡೆಯಿಂದ.

ಬಾಣಂತಿ ಕೋಣೆಯಲ್ಲಿ ಅಕ್ಕ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ನಮ್ಮ ಮನೆಯ ಮಾತು ಕೊಂಕಣಿ. ಇಲ್ಲಿ ನಮ್ಮೂರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾದ್ರಿನ್ ನೀನೇ ನಿಲ್ಲಬೇಕು" ಎಂದಳು.

"ನಂಗೆ ತಲೆ ಸರಿ ಇದ್ದು ಅಂತ ಯಾರು ಹೇಳಿದ್ರು ನಿಂಗೆ?"

"ನಗೆ ಬೇಡ. ನಿಲ್ತೆಯೋ ಇಲ್ಲೋ?"

"ಅಕ್ಕಾ, ಅಲ್ಲಿ ಎಂತ ಹೇಳ್ಬೇಕು ಗೊತ್ತಿದ್ದಲ್ಲ. ದೇವರನ್ನ ನಂಬ್ತೇನೆ, ಅವನ ಮಗನನ್ನ ನಂಬ್ತೇನೆ ಅಂತ ಇಗರ್ಜಿ ಬಾಗಿಲಿಂದ ಜ್ಞಾನಸ್ನಾನದ ತೊಟ್ಟಿವರೆಗೆ ಗಟ್ಟಿಯಾಗಿ ಹೇಳ್ಬೇಕು. ನಾನು ನಂಬ್ತೇನಾ? ನಿಂಗೇ ಗೊತ್ತಿದ್ದು."

"ಅದಕ್ಕೇ ನಿನ್ನ ಕೇಳಿದ್ದು" ಎಂದಳು ಅಕ್ಕ. "ಉಳಿದವ್ರೆಲ್ಲ ನಲ್ಲಿ ಬಿಟ್ಟ ಹಾಗೆ ಹೇಳ್ತ್ರು. ನೀನು ಒಬ್ಳು, ಮನಸ್ಸಲ್ಲಿ ಇಲ್ಲದ್ದನ್ನ ಹೇಳುವವಳಲ್ಲ. ನನ್ನ ಮಗಳ ಪರವಾಗಿ ಬಾಯಿ ಬಿಡುವವಳು ಖರೇ ಹೇಳ್ಬೇಕು. ಹೇಳೂಕೆ ಆಗದಿದ್ರೆ ಆಗುದಿಲ್ಲ ಅಂತ ಹೇಳು, ನಂಗೆ ಬೇಜಾರಿಲ್ಲ. ಆದರೆ ಅಲ್ಲಿ ಹೋಗಿ ಸುಳ್ಳು ಹೇಳ್ಬೇಡ."

ನೋಡಿ, ವಾದ ಎಂದರೆ ಇದು. ನನ್ನ ಕೈಯಲ್ಲಿದ್ದ ಒಂದೇ ಆಯುಧವನ್ನು ಕಿತ್ತು ನನ್ನ ಕಡೆಗೇ ಹಿಡಿದಿದ್ದಳು. ಸುಳ್ಳು ಹೇಳಿ ನಿಲ್ಲುವ ಹಾಗಿಲ್ಲ. ನಿಲ್ಲದೆ ಹೋದರೆ ಅಕ್ಕ ಕೇಳಿದ್ದಕ್ಕೆ ಇಲ್ಲವೆಂದಂತೆ. ಜ್ಞಾನಸ್ನಾನಕ್ಕೆ ಹೆಚ್ಚುಕಡಿಮೆ ಒಂದು ವಾರ ಇತ್ತು.

ನನಗೆ ನಂಬಿಕೆಯಿಲ್ಲ, ಅದಕ್ಕೇ ನಿಲ್ಲಲು ಹಿಂಜರಿಯುತ್ತಿದ್ದೇನೆ ಎಂಬ ಸುದ್ದಿ ಅಮ್ಮನಿಗೆ ತಿಳಿದದ್ದು ಅವಳು ಅಡುಗೆಮನೆಯಲ್ಲಿ ಬಂಗಡೆ ಕೊಯ್ಯುತ್ತಿದ್ದಾಗ. ಕತ್ತಿ ನಿಲ್ಲಿಸಲೂ ಇಲ್ಲ. "ಚರ್ಚೆಗೆ ಹೋಗಿ ಇವತ್ತು ಹೌದು ಅಂತೆ, ನಾಳೆ ಅಲ್ಲ ಅಂತೆ, ಅದಕ್ಕೆ ಕಪ್ ಬೇರೆ ಕೊಡ್ತ್ರು. ಒಂದು ಪಾತ್ರೆಗೋಸ್ಕರ ನಂಬದ್ದನ್ನ ಹೇಳ್ತೆಯಂತೆ, ಅಕ್ಕನಿಗೋಸ್ಕರ ಹೇಳೂಕಾಗುದಿಲ್ವಾ?"

ಒಪ್ಪಬೇಕು, ಒಳ್ಳೆಯ ಪೆಟ್ಟು. ಚರ್ಚೆಯಲ್ಲಿ ಎದುರು ಕೂತವರಿಗೆ ಅದು ಸ್ಪರ್ಧೆ ಎಂದು ಗೊತ್ತಿರುತ್ತದೆ, ಹಾಗಾಗಿ ಅಲ್ಲಿ ಯಾರಿಗೂ ಮೋಸವಿಲ್ಲ ಎಂದೆ. ಇಲ್ಲಿ ದೇವರು ಇದ್ದರೆ ಅವನ ಮುಖದ ಮೇಲೆಯೇ ಸುಳ್ಳು, ಇಲ್ಲದಿದ್ದರೆ ಅಕ್ಕನ ಮುಖದ ಮೇಲೆ. ಅಮ್ಮ ಮೀನಿನ ತಲೆಯನ್ನು ಬೇರೆ ಪಾತ್ರೆಗೆ ಹಾಕಿ, "ಹೋಗು, ಕಾಯಿ ತುರಿ" ಎಂದಳು.

ಅಷ್ಟರಲ್ಲಿ ಅಕ್ಕನ ಅತ್ತೆ ಭಟ್ಕಳದಿಂದ ಬಂದಿಳಿದರು. ಆಗಿನ್ನೂ ಶರಾವತಿಗೆ ಸೇತುವೆಯಿಲ್ಲ. ಬಸ್ಸು ಆಚೆ ದಡದ ಕಾಸರಕೋಡಿನಲ್ಲೇ ನಿಲ್ಲುತ್ತಿತ್ತು, ಈಚೆಗೆ ದೋಣಿಯಲ್ಲಿ ಬರಬೇಕು. ಆ ಹೊಳೆಯ ಅಗಲವಷ್ಟನ್ನೂ ಅವರು ದೋಣಿಯವನ ಜೊತೆ ಜಗಳವಾಡಿಕೊಂಡೇ ದಾಟಿದ್ದರು. ಮನೆಯೊಳಗೆ ಕಾಲಿಟ್ಟು, ಮಗುವಿನ ಮೂಗು ತಮ್ಮ ಮನೆಯದು ಎಂದು ತೀರ್ಮಾನಿಸಿ, ಕಾಫಿ ಕುಡಿದು, ಕೇಳಿದರು: "ಮಾದ್ರಿನ್ ಯಾರು?"

ಅಕ್ಕ ನನ್ನ ಕಡೆ ಕೈ ತೋರಿಸಿದಳು.

"ಇವಳಾ? ಅಯ್ಯೋ ದೇವರೇ! ಮಾದ್ರಿನ್ ಗುಣ ಮಗುವಿಗೆ ಬತ್ತದೆ ಗೊತ್ತುಂಟಾ? ಇವಳ ನಾಲಿಗೆ ಬಂದ್ರೆ ಈ ಕೂಸನ್ನ ಯಾವ ಊರಿಗೆ ಕೊಡೂದು?"

"ಭಟ್ಕಳಕ್ಕೆ ಬೇಡ, ಅಲ್ಲಿ ಜಾಗ ಭರ್ತಿ ಆಗಿದ್ದು" ಎಂದೆ.

ಅಮ್ಮ ಒಳಗಿಂದ ಕೆಮ್ಮಿದಳು. ಅತ್ತೆ ನಕ್ಕರು. ಅವರ ವಿಷಯದಲ್ಲಿ ಇದೊಂದು ಹೇಳಬೇಕು, ಒಳ್ಳೆಯ ಉತ್ತರಕ್ಕೆ ಅವರು ಯಾವತ್ತೂ ಸಿಟ್ಟಾಗುತ್ತಿರಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ನನ್ನನ್ನು ಹಿತ್ತಲಿಗೆ ಕರೆದು ದನಿ ತಗ್ಗಿಸಿದರು.

"ನಿಂತ್ರೆ ನಿಲ್ಲು. ಆದ್ರೆ ವಿಶ್ವಾಸ ಪ್ರಮಾಣ ಹೇಳುವಾಗ ಎಲ್ಲಿಯೂ ತಡವರಿಸ್ಬಾರ್ದು. ಮಾದ್ರಿನ್ ನಡುವೆ ನಿಂತ್ರೆ ಮಗುವಿಗೆ ದೆವ್ವ ಕಾಣ್ತದೆ. ನಮ್ಮ ಕೇರಿಯಲ್ಲಿ ಒಬ್ಬಳಿಗೆ ಹಾಗೇ ಆಗಿ ಈಗ್ಲೂ ನಿದ್ದೆಯಲ್ಲಿ ಎದ್ದು ನಡೀತಾಳೆ. ಉಸಿರು ಕಟ್ಟಿ ಒಂದೇ ಸಲಕ್ಕೆ ಹೇಳಿ ಮುಗಿಸ್ಬೇಕು."

ಇದು ನಮ್ಮ ಕರಾವಳಿಯ ಕ್ರೈಸ್ತರಿಗೆಲ್ಲ ಗೊತ್ತಿರುವ ಮಾತು. ಏನೇನು ನಂಬುತ್ತೇವೆ ಎಂದು ಸಾಲುಸಾಲಾಗಿ ಹೇಳುವ ಪಾಠವೇ ವಿಶ್ವಾಸ ಪ್ರಮಾಣ. ಎಷ್ಟೋ ಜ್ಞಾನಸ್ನಾನಗಳಲ್ಲಿ ನಾನು ನೋಡಿದ್ದೆ: ಮಾದ್ರಿನ್ ನಿಂತವರು ಕಣ್ಣು ಮುಚ್ಚಿ, ಕೆಂಪಗಾಗಿ, ಆಕಾಶ ಭೂಮಿ ಸೃಷ್ಟಿ ಮರಣ ಪುನರುತ್ಥಾನವನ್ನೆಲ್ಲ ಬಸ್ಸು ತಪ್ಪುವ ಅವಸರದಲ್ಲಿ ದಾಟಿ, ಕೊನೆಗೆ ಆಮೆನ್ ಎಂಬಲ್ಲಿ ಏದುಸಿರು ಬಿಡುತ್ತಿದ್ದರು. ಸುತ್ತಲಿನವರು ಮೆಚ್ಚಿ ತಲೆದೂಗುತ್ತಿದ್ದರು. ಎಷ್ಟು ವೇಗವೋ ಅಷ್ಟು ವಿಶ್ವಾಸ! ಪೂಜೆ ಪ್ರಾರ್ಥನೆಯೆಲ್ಲ ಲತೀನ್ ಭಾಷೆಯಲ್ಲಿದ್ದ ಕಾಲದಲ್ಲಿ ಇದಕ್ಕೊಂದು ನೆಪವಾದರೂ ಇತ್ತು. ಪಾದ್ರಿಗಳ ಪ್ರಶ್ನೆಯೂ ಅರ್ಥವಾಗುತ್ತಿರಲಿಲ್ಲ, ನಮ್ಮ ಉತ್ತರವೂ. ಆ ವರ್ಷ ಲತೀನು ಹೋಗಿ ನಮ್ಮ ಭಾಷೆ ಬಂದಿತ್ತು. ಈಗ ಪ್ರತಿ ಮಾತೂ ಮನೆಯಲ್ಲಿ ಉಪ್ಪು ಕೇಳುವ ಮಾತಿನಷ್ಟೇ ಸ್ಪಷ್ಟ. ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ.

ನಾನು ಪಾದ್ರಿಗಳ ಮನೆಗೆ ಹೋದೆ. ವಯಸ್ಸಾದವರು, ಗೋವೆಯ ಕಡೆಯವರು. ನಮ್ಮೂರಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಹಿತ್ತಲ ಚಪ್ಪರದಲ್ಲಿ ಹೀರೆ ಬಳ್ಳಿಗೆ ದಾರ ಕಟ್ಟುತ್ತಿದ್ದರು. ನಾನು ಪೀಠಿಕೆಯಿಲ್ಲದೆ ವಿಷಯ ಮಂಡಿಸಿದೆ. ಮಾದ್ರಿನ್ ನಿಲ್ಲಬೇಕೆಂದು ಅಕ್ಕ ಕೇಳಿದ್ದಾಳೆ, ನನಗೆ ನಂಬಿಕೆಯಿಲ್ಲ, ಸುಳ್ಳು ಹೇಳಲಾರೆ, ಏನು ಮಾಡಬೇಕು? ಆಮೇಲೆ, ಅವರು ಕೇಳದೇ ಇದ್ದರೂ, ಏಕೆ ನಂಬಿಕೆಯಿಲ್ಲ ಎಂದು ಒಂದೊಂದೇ ಕಾರಣ ಕೊಡುತ್ತ ಹೋದೆ. ಸೃಷ್ಟಿಯ ಬಗ್ಗೆ ಹೇಳಿದೆ. ಲೋಕದಲ್ಲಿ ಇಷ್ಟೊಂದು ನೋವು ಏಕೆ ಎಂದು ಕೇಳಿದೆ. ಕ್ರೈಸ್ತರಲ್ಲದ ನನ್ನ ಮೇಷ್ಟ್ರಂಥ ಒಳ್ಳೆಯವರ ಗತಿಯೇನು ಎಂದು ಕೇಳಿದೆ. ಅವರು ದಾರ ಕಟ್ಟುತ್ತಲೇ ಇದ್ದರು. ನಡುವೆ ಒಮ್ಮೆ "ಆ ಕತ್ತರಿ ಕೊಡು" ಎಂದರು, ಅಷ್ಟೇ. ವಿರೋಧ ಪಕ್ಷ ಎದ್ದೇ ನಿಲ್ಲದಿದ್ದರೆ ಮಾತಾಡುವವನ ಕಾಲು ಸೋಲುತ್ತದೆ.

"ಮುಗೀತಾ?" ಎಂದು ಕೇಳಿದರು.

"ಸದ್ಯಕ್ಕೆ."

"ಚೆನ್ನಾಗಿ ಮಾತಾಡ್ತಿ ಮಗಳೇ. ಈಗ ನಾನು ಒಂದು ಕೇಳ್ತೇನೆ. ಇಷ್ಟು ಕಾರಣ ಹೇಳಿದೆಯಲ್ಲ, ಅದರಲ್ಲಿ ನಿಂಗೆ ನಿದ್ದೆ ಕೆಡಿಸಿದ್ದು ಯಾವುದು? ಚಪ್ಪಾಳೆ ಬೀಳುವ ಕಾರಣ ಬೇಡ. ನಿನ್ನ ಕಾರಣ ಹೇಳು."

ಹೀರೆಯ ಹಳದಿ ಹೂವಿನಲ್ಲಿ ಒಂದು ದುಂಬಿ ಹೊಕ್ಕು ಹೊರಡುತ್ತಿತ್ತು. ಕೊನೆಗೆ, ನಾನು ತಯಾರಿ ಮಾಡಿಕೊಳ್ಳದೇ ಇದ್ದ ಮಾತು ಹೊರಗೆ ಬಂತು.

"ಶರೀರದ ಪುನರುತ್ಥಾನ" ಎಂದೆ. "ವಿಶ್ವಾಸ ಪ್ರಮಾಣದಲ್ಲಿ ಅದೊಂದು ಸಾಲು, ಸತ್ತವರು ಶರೀರದೊಟ್ಟಿಗೆ ಎದ್ದು ಬರ್ತ್ರು ಅಂತ. ಯಾವ ಶರೀರ, ಫಾದರ್? ನಮ್ಮಪ್ಪನದು ಎಲ್ಲಿದ್ದು?"

ಅಪ್ಪ ತಾಂಡೇಲ, ಸರಕು ಸಾಗಿಸುವ ಹಾಯಿದೋಣಿಯಾದ ಮಚವೆಯನ್ನು ನಡೆಸುವವರಲ್ಲಿ ಮುಖ್ಯಸ್ಥ. ಐವತ್ತರ ದಶಕ ಮುಗಿಯುವ ಹೊತ್ತು, ನಾನಿನ್ನೂ ಶಾಲೆಯಲ್ಲಿದ್ದೆ. ಮಳೆಗಾಲ ಹಿಡಿಯುವ ಮೊದಲು ಕೊನೆಯ ಸಲ ಹೆಂಚು ಇಳಿಸಿ ವಾಪಸು ಬರುತ್ತಿದ್ದ ಮಚವೆ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ಮನೆಯ ದೀಪ ಕಾಣುವಷ್ಟು ಹತ್ತಿರದಲ್ಲಿ, ಮರಳಿನ ದಿಬ್ಬಕ್ಕೆ ಬಡಿದು ಒಡೆಯಿತು. ಉಳಿದವರು ಈಜಿ ದಡ ಸೇರಿದರು. ಚುಕ್ಕಾಣಿ ಸಿಕ್ಕಿತು, ಹಾಯಿ ಸಿಕ್ಕಿತು, ಅಪ್ಪ ಸಿಗಲಿಲ್ಲ. ದೇಹವಿಲ್ಲದೆ ಪೂಜೆ ನಡೆಯಿತು. ಸತ್ತವರ ಹಬ್ಬದ ದಿನ ಊರಿನ ಕ್ರೈಸ್ತರೆಲ್ಲ ತಮ್ಮ ತಮ್ಮವರ ಸಮಾಧಿ ತೊಳೆದು ಮೇಣದಬತ್ತಿ ಹಚ್ಚುವಾಗ, ನಾವು ಮೂವರು ಸಮಾಧಿಗಳ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ, ಯಾರದೂ ಅಲ್ಲದ ಜಾಗದಲ್ಲಿ, ನಮ್ಮ ಬತ್ತಿ ಹಚ್ಚಿ ನಿಲ್ಲುತ್ತಿದ್ದೆವು.

ದೇಹವಿಲ್ಲದ ಆ ಪೂಜೆಯನ್ನು ನಡೆಸಿದವರು ಇದೇ ಪಾದ್ರಿಗಳು. ಅವರು ದಾರ ಕೆಳಗಿಟ್ಟರು.

"ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ" ಎಂದರು. "ಇದ್ದರೆ ಆವತ್ತೇ ನಿಮ್ಮ ಅಮ್ಮನಿಗೆ ಕೊಡ್ತಿದ್ದೆ. ನೀನು ಇದನ್ನ ನನ್ನ ಹತ್ರ ಕೇಳಿದೆ, ಕಾಲೇಜಲ್ಲೂ ಕೇಳಿರ್ಬೇಕು. ಅವನ ಹತ್ರ ಕೇಳಿದೆಯಾ?"

"ನಾನು ನಂಬದೇ ಇರುವವನ ಹತ್ರ ಹೇಗೆ ಕೇಳುದು?"

"ಒಂದು ಪಕ್ಷದವರನ್ನ ಒಳಗೇ ಬಿಡದೆ ಚರ್ಚೆ ಮಾಡಿ ಕಪ್ ಕೊಡುವ ಕಾಲೇಜು ಯಾವುದು ಮಗಳೇ? ಇಗರ್ಜಿ ತೆರೆದಿದೆ. ಹೋಗಿ ನನ್ನ ಹತ್ರ ಜಗಳಾಡಿದ ಹಾಗೇ ಜಗಳಾಡು. ಪ್ರಾರ್ಥನೆ ಗೀರ್ಥನೆ ಬೇಡ. ಅವನು ಇಲ್ಲದಿದ್ರೆ ನಿನ್ನ ಗಂಟಲು ಒಣಗ್ತದೆ, ಇನ್ನೇನೂ ಹೋಗುದಿಲ್ಲ."

ಅದು ನ್ಯಾಯವಾದ ಮಾತು ಎನಿಸಿತು. ನ್ಯಾಯವಾದ ಮಾತಿಗೆ ನಾನು ಯಾವತ್ತೂ ಬೆನ್ನು ತೋರಿಸಿದವಳಲ್ಲ.

ಮಧ್ಯಾಹ್ನದ ಹೊತ್ತು. ಇಗರ್ಜಿಯಲ್ಲಿ ಯಾರೂ ಇರಲಿಲ್ಲ. ನೆಲ ತೊಳೆದು ಇನ್ನೂ ಹಸಿಯಾಗಿತ್ತು. ಬಾಗಿಲಿನಿಂದ ಬಂದ ಬಿಸಿಲು ಅರ್ಧ ದಾರಿಯವರೆಗೆ ಬಂದು ನಿಂತಿತ್ತು. ನಾನು ಮುಂದಿನ ಬೆಂಚಿನ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡೆ. ಅಭ್ಯಾಸಬಲ, ಮಾನ್ಯ ಅಧ್ಯಕ್ಷರೇ ಎನ್ನುವುದೊಂದು ಬಾಕಿ. ನನಗೇ ನಗು ಬಂತು.

ಶುರು ಮಾಡಿದ ಮೊದಲ ವಾಕ್ಯಗಳು ಚೆನ್ನಾಗಿದ್ದವು, ಆದ್ದರಿಂದ ಹಾಳಾದವು. ದನಿ ಏರಿಸುವಲ್ಲಿ ಏರಿಸಿದೆ, ಕೈಯೆತ್ತುವಲ್ಲಿ ಎತ್ತಿದೆ. ಕೇಳುವವರಿಲ್ಲ, ಗಂಟೆ ಬಾರಿಸುವವರಿಲ್ಲ, ಸೋತು ಮುಖ ಚಿಕ್ಕದು ಮಾಡಿಕೊಳ್ಳುವ ಎದುರಾಳಿಯಿಲ್ಲ. ನನ್ನದೇ ಮಾತು ಗೋಡೆಗೆ ತಾಗಿ ನಾಟಕದ ಮಾತಿನ ಹಾಗೆ ಮರಳಿ ಬಂತು. ಅಲಂಕಾರಗಳನ್ನೆಲ್ಲ ಒಂದೊಂದಾಗಿ ಬಿಡಬೇಕಾಯಿತು. ಎಲ್ಲ ಬಿಟ್ಟ ಮೇಲೆ ಉಳಿದದ್ದು ಸಣ್ಣದು.

"ಅಪ್ಪನನ್ನ ಎಂತ ಮಾಡಿದೆ? ಎಲ್ಲಿಟ್ಟಿದ್ದೆ?"

ದೇವರಿಗೆ ನಾನು ನಿಜವಾಗಿ ಆಡಿದ ಮೊದಲ ಮಾತು ಅದು. ಬಹುವಚನವನ್ನೂ ಕೊಟ್ಟಿರಲಿಲ್ಲ. ಹೇಳಿ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅತ್ತದ್ದರಲ್ಲಿ ವಾದವೇನೂ ಇರಲಿಲ್ಲ.

ಅಳು ನಿಂತ ಮೇಲೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಮೇಷ್ಟ್ರ ನಿಯಮ ನೆನಪಾಯಿತು. ನನ್ನ ಪಕ್ಷ ಹೇಳಿ ಆಗಿತ್ತು, ಈಗ ಎದುರು ಪಕ್ಷದ್ದನ್ನು ಅವರಿಗಿಂತ ಚೆನ್ನಾಗಿ ಹೇಳಬೇಕು. ಸರಿ, ದೇವರ ಪರವಾಗಿ ನಾನೇ ನಿಂತೆ. ಅಪ್ಪನ ದೇಹವೂ ಸಿಗದ ಮಗಳಿಗೆ ನಾನು ಅವನಾಗಿದ್ದರೆ ಏನು ಹೇಳುತ್ತಿದ್ದೆ? ಈಸ್ಟರಿಗೆ, ಅಂದರೆ ಪಾಸ್ಖ ಹಬ್ಬದಲ್ಲಿ, ವರ್ಷ ವರ್ಷ ಕೇಳಿ ಕೇಳಿ ಸವೆದುಹೋದ ಕಥೆಯನ್ನು, ಎದುರಾಳಿಯ ಕಾಗದ ಪತ್ರ ನೋಡುವ ಹಾಗೆ, ಮೊದಲಿಂದ ನೋಡುತ್ತ ಬಂದೆ. ಯೇಸು ಶುಕ್ರವಾರ ಸತ್ತ. ಹೂತರು. ಭಾನುವಾರ ಬೆಳಿಗ್ಗೆ ಹೆಂಗಸರು ಸುಗಂಧದೆಣ್ಣೆ ಹಿಡಿದು ಸಮಾಧಿಗೆ ಹೋದರು. ಅವರು ಹೋದದ್ದು ಪವಾಡ ನೋಡಲಲ್ಲ, ದೇಹಕ್ಕೆ ಎಣ್ಣೆ ಹಚ್ಚಲು. ದೇಹ ಇರಲಿಲ್ಲ.

ದೇಹ ಇರಲಿಲ್ಲ!

ನಾನು ಬೆಂಚಿನಿಂದ ಎದ್ದೇ ನಿಂತೆ. ಅವರೂ ನಮ್ಮ ಹಾಗೇ ನಿಂತರು, ಬರಿದಾದ ಜಾಗದ ಎದುರು. ಅವರಲ್ಲೊಬ್ಬಳು ಅತ್ತುಕೊಂಡು ಕೇಳಿದ್ದೂ ಇದೇ: ಎಲ್ಲಿಟ್ಟಿದ್ದಾರೋ ಗೊತ್ತಿಲ್ಲ. ನನ್ನ ಪ್ರಶ್ನೆ, ನನ್ನ ಮಾತಿನಲ್ಲೇ. ಇಷ್ಟು ವರ್ಷ ಆ ಸಾಲನ್ನು ಹೇಳುವವರೆಲ್ಲ ಸುಖವಾಗಿ ಸಮಾಧಿ ಕಟ್ಟಿಕೊಂಡವರು, ನಾವು ಮೂವರು ಮಾತ್ರ ಹೊರಗಿನವರು ಎಂದುಕೊಂಡಿದ್ದೆ. ಈ ನಂಬಿಕೆ ಶುರುವಾದದ್ದೇ ದೇಹ ಸಿಗದೆ ಅತ್ತ ಹೆಂಗಸರಿಂದ. ನಾವು ಹೊರಗಿನವರಲ್ಲ, ನಾವು ಬಾಗಿಲಲ್ಲೇ ನಿಂತಿದ್ದವರು.

ಇದು ಸಾಕ್ಷ್ಯ ಅಲ್ಲ. ತರ್ಕದ ಮೇಷ್ಟ್ರು ಇದಕ್ಕೆ ಅಂಕ ಕೊಡುತ್ತಿರಲಿಲ್ಲ, ನಾನೂ ಕೊಡುವುದಿಲ್ಲ. ಆದರೆ ಅವತ್ತು ನಾನು ಅಂಕದ ಲೆಕ್ಕದಲ್ಲಿ ಇರಲಿಲ್ಲ. ಯಾರೋ ನನ್ನ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದಾರೆ ಎಂಬುದು, ಪಕ್ಕದಲ್ಲಿ ಒಬ್ಬರು ಕೂತರೆ ಬೆಂಚು ಅಲುಗಿ ಗೊತ್ತಾಗುವ ಹಾಗೆ, ಗೊತ್ತಾಯಿತು. ಅದನ್ನು ಇಲ್ಲವೆಂದು ಹೇಳಿದ್ದರೆ ಅದೇ ಸುಳ್ಳಾಗುತ್ತಿತ್ತು. ನನ್ನ ಉಳಿದ ಪ್ರಶ್ನೆಗಳು ಹಾಗೇ ಇದ್ದವು; ಅವನ್ನೆಲ್ಲ ಇವನ ಹತ್ತಿರವೇ ಕೇಳಬಹುದು ಎಂದಾಯಿತು. ಹೊರಗೆ ಬರುವಾಗ ಪಾದ್ರಿಗಳು ಬಳ್ಳಿಗೆ ನೀರು ಹಾಕುತ್ತಿದ್ದರು.

"ಗಂಟಲು ಒಣಗಿತಾ?"

"ಇಲ್ಲ ಫಾದರ್. ನಿಲ್ತೇನೆ."

ಅವರು ಕಾರಣ ಕೇಳಲಿಲ್ಲ. "ಬಿಳಿ ಮೇಣದಬತ್ತಿ ತಾ, ಹೋದ ಸಲ ಯಾರೋ ಮುರಿದದ್ದು ತಂದಿದ್ರು" ಎಂದರು.

ಭಾನುವಾರ ಬಂತು. ಬಾಣಂತಿ ಇಗರ್ಜಿಗೆ ಬರುವ ಹಾಗಿರಲಿಲ್ಲ. ಅಕ್ಕ ಮನೆಯಲ್ಲೇ ಉಳಿದಳು. ಮಗುವನ್ನು ನನ್ನ ಕೈಗೆ ಕೊಟ್ಟಳು. ಕುಲಾವಿಯ ದಾರ ಸರಿಮಾಡಿ, ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ನೋಡಿದಳು. ಅತ್ತೆ ತಮ್ಮ ಮಗಳನ್ನೂ ಭಟ್ಕಳದಿಂದ ಕರೆಸಿಕೊಂಡಿದ್ದರು. ಆಕೆ ರೇಷ್ಮೆ ಸೀರೆ ಉಟ್ಟು, ಜಡೆಗೆ ಅಬ್ಬಲಿಗೆ ಮುಡಿದು, ಅಗತ್ಯ ಬಿದ್ದರೆ ಇರಲಿ ಎಂದು ನನ್ನ ಹಿಂದೆಯೇ ನಡೆಯುತ್ತಿದ್ದಳು. ಪರಾರಿಯಾಗುವ ಆರೋಪಿಯ ಹಿಂದೆ ಪೊಲೀಸು ಬಂದ ಹಾಗೆ.

ಇಗರ್ಜಿಯ ಬಾಗಿಲಲ್ಲಿ ಪಾದ್ರಿಗಳು ನಮ್ಮನ್ನು ಬರಮಾಡಿಕೊಂಡು, ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, ಒಳಗೆ ಕರೆದರು. ಬಾಗಿಲಿನಿಂದ ಜ್ಞಾನಸ್ನಾನದ ತೊಟ್ಟಿಯವರೆಗೆ ನಡೆಯುತ್ತ ವಿಶ್ವಾಸ ಪ್ರಮಾಣವನ್ನು ಗಟ್ಟಿಯಾಗಿ ಹೇಳಬೇಕು. ಪಾದ್ರಿನ್ ನಿಂತವರು ಭಾವನ ಅಣ್ಣ. ಅವರು ಶುರುವಿನಿಂದಲೇ ಓಟ ಹಿಡಿದರು. ನಾನು ನನ್ನ ನಡಿಗೆಯಲ್ಲಿ ಹೋದೆ. ಒಂದೊಂದು ಸಾಲಿಗೂ ಒಂದೊಂದು ಹೆಜ್ಜೆ, ಒಂದೊಂದು ಸಾಲನ್ನೂ ಕೈಯಲ್ಲಿ ಹಿಡಿದು ನೋಡಿ ಇಟ್ಟ ಹಾಗೆ. ಆಕಾಶ ಭೂಮಿಗಳ ಸೃಷ್ಟಿಕರ್ತ. ಹೇಳಿದೆ. ಹುಟ್ಟಿದ, ಬಾಧೆಪಟ್ಟ, ಸತ್ತ, ಹೂಳಲ್ಪಟ್ಟ. ಹೇಳಿದೆ. ಹಿಂದಿನಿಂದ ಅತ್ತೆಯ ದನಿ: "ಬೇಗ, ಬೇಗ."

ಪಾಪಗಳ ಕ್ಷಮೆ ಎಂಬಲ್ಲಿಗೆ ಬಂದೆ. ಮುಂದಿನದು ಆ ಸಾಲು. ನಾನು ನಿಂತುಬಿಟ್ಟೆ.

ಮರೆತದ್ದಲ್ಲ. ಭಯವೂ ಅಲ್ಲ. ಆ ಸಾಲನ್ನು ನಡೆಯುತ್ತ ನಡೆಯುತ್ತ ದಾಟಿಹೋಗಲು ನನಗೆ ಇಷ್ಟವಾಗಲಿಲ್ಲ, ಅಷ್ಟೇ. ಭಾವನ ಅಣ್ಣ ನಾಲ್ಕು ಹೆಜ್ಜೆ ಮುಂದೆ ಹೋಗಿ ಆಮೆನ್ ಹೇಳಿ, ಹಿಂದೆ ತಿರುಗಿ, ಬಾಯಿ ತೆರೆದು ನಿಂತರು. ಅತ್ತೆ "ಯೇಸುವೇ!" ಎಂದು ಎದೆಗೆ ಕೈ ಇಟ್ಟರು. ರೇಷ್ಮೆ ಸೀರೆ ನನ್ನ ಮಗ್ಗುಲಿಗೆ ಸರಿಯಿತು. ಪಾದ್ರಿಗಳು ಮಾತ್ರ, ಹೀರೆ ಬಳ್ಳಿಯ ಹತ್ತಿರ ಕಾದ ಹಾಗೇ, ಸುಮ್ಮನೆ ಕಾದರು. ತೋಳಿನಲ್ಲಿ ಮಗು ಬೆಚ್ಚಗಿತ್ತು, ಭಾರವಾಗಿತ್ತು. ಅದೂ ಒಂದು ಶರೀರ. ಪುಟ್ಟ ಉಗುರುಗಳಿದ್ದ, ಹಾಲಿನ ವಾಸನೆಯ, ಅಪ್ಪನ ಮೊಮ್ಮಗಳ ಶರೀರ. ನಾನು ಅಳಿವೆಯ ಕಡೆಯ ಕಿಟಕಿಗೆ ಮುಖ ಮಾಡಿ, ಕಾಲೇಜಿನ ಸಭಾಂಗಣದ ಕೊನೆಯ ಬೆಂಚಿಗೂ ಕೇಳಿಸುವ ನನ್ನ ದನಿಯನ್ನು ತೆಗೆದೆ.

"ಶರೀರದ ಪುನರುತ್ಥಾನವನ್ನೂ ನಿತ್ಯಜೀವವನ್ನೂ ನಾನು ನಂಬುತ್ತೇನೆ."

ಇಗರ್ಜಿಯ ಮಾಡಿನಲ್ಲಿದ್ದ ಪಾರಿವಾಳಗಳು ಎದ್ದವು. ಆ ದನಿಯಲ್ಲಿ ನಾನು ಎಷ್ಟೋ ಚರ್ಚೆ ಗೆದ್ದಿದ್ದೆ, ಯಾವ ಗೆಲುವಿನಲ್ಲೂ ಮೈ ಹೀಗೆ ಹಗುರಾಗಿರಲಿಲ್ಲ. ಸೋತವರೇ ಇಲ್ಲದ ಗೆಲುವು ಅದು. ಹಿಂದಿನ ಸಾಲಿನಲ್ಲಿದ್ದ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ನಡುವೆ ನಿಂತಳು ಫಾದರ್!" ಎಂದರು ಅತ್ತೆ. "ತಡವರಿಸಿದಳು! ಇನ್ನೊಂದು ಸಲ ಮೊದಲಿಂದ ಹೇಳ್ಲಿ, ಇಲ್ದಿದ್ರೆ ನನ್ನ ಮಗಳು ಹೇಳ್ತಾಳೆ."

"ತಡವರಿಸಿದ್ದಲ್ಲ ತಾಯಿ" ಎಂದರು ಪಾದ್ರಿಗಳು. "ಕಾಲಿಡುವ ಮೊದಲು ಜಾಗ ನೋಡಿಕೊಂಡಳು. ಎಲ್ರೂ ಹಾಗೆ ನೋಡಿಕೊಂಡ್ರೆ ನಂಗೆ ಕೆಲಸ ಕಡಿಮೆ ಆಗ್ತಿತ್ತು." ತೊಟ್ಟಿಯ ಮುಚ್ಚಳ ತೆಗೆದರು. ತಲೆಗೆ ನೀರು ಬಿದ್ದದ್ದೇ ಮಗು ಊರು ಕೇಳುವ ಹಾಗೆ ಅತ್ತಿತು. ಅತ್ತೆ ನನ್ನ ಕಡೆ ತಿರುಗಿ, "ಬಂತು ನೋಡು ನಿನ್ನ ಗಂಟಲು" ಎಂದರು.

ಮನೆಗೆ ಬಂದಾಗ ಅಕ್ಕ ಕೋಣೆಯ ಬಾಗಿಲವರೆಗೆ ಬಂದು ನಿಂತಿದ್ದಳು. ಅತ್ತೆ ನನಗಿಂತ ಮೊದಲು ಒಳಹೊಕ್ಕು ದೂರು ಕೊಟ್ಟೇ ಬಿಟ್ಟರು: ಎಲ್ಲ ಸರಿಯಾಯಿತು, ಇವಳು ಮಾತ್ರ ನಡುವೆ ಕಂಬದ ಹಾಗೆ ನಿಂತುಬಿಟ್ಟಳು. ಹೇಳಿ ಜಗಲಿಗೆ ಹೋಗಿ ವೀಳ್ಯದೆಲೆಯ ತಟ್ಟೆ ಎಳೆದುಕೊಂಡರು.

ಅಕ್ಕ ಮಗುವನ್ನು ತೆಗೆದುಕೊಳ್ಳಲಿಲ್ಲ. "ಎಲ್ಲಿ ನಿಂತೆ?" ಎಂದು ಕೇಳಿದಳು.

"ಅಪ್ಪನ ಹತ್ರ."

ಅವಳಿಗೆ ಅರ್ಥವಾಯಿತು. ಕಣ್ಣು ತುಂಬಿದವು, ಆದರೆ ಬಿಡಲಿಲ್ಲ. "ಆಮೇಲೆ?"

"ಆಮೇಲೆ ಹೇಳಿದೆ."

"ಖರೇ?"

"ಖರೇ. ಉಳಿದದ್ದರಲ್ಲಿ ಇನ್ನೂ ಎಷ್ಟೋ ಕೇಳೂದು ಇದ್ದು, ಅದನ್ನ ಅವನ ಹತ್ರವೇ ಕೇಳ್ತೇನೆ. ಆದರೆ ಇದು ಖರೇ."

"ಹಾಗಾದ್ರೆ ನಂಗೂ ಹೇಳು. ನಾನು ಅಲ್ಲಿ ಇರ್ಲಿಲ್ಲ."

ಬಾಣಂತಿ ಕೋಣೆಯಲ್ಲಿ, ಒಣಹಾಕಿದ ಮಗುವಿನ ಬಟ್ಟೆಗಳ ಕೆಳಗೆ ನಿಂತು ನಾನು ಆ ಸಾಲನ್ನು ಮತ್ತೆ ಹೇಳಿದೆ. ಈ ಸಲ ನಿಲ್ಲಬೇಕಾಗಲಿಲ್ಲ. ಅರ್ಧದಲ್ಲಿ ಅಕ್ಕನ ದನಿ ಸೇರಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಮ್ಮ ಬಾಗಿಲಿಗೆ ಬಂದಳು. ಅಪ್ಪ ಹೋದ ಮೇಲೆ ಆ ಸಾಲು ಬಂದಾಗೆಲ್ಲ ಅವಳ ತುಟಿ ನಿಲ್ಲುತ್ತಿದ್ದದ್ದನ್ನು ನಾವಿಬ್ಬರೂ ನೋಡಿದ್ದೆವು, ಯಾವತ್ತೂ ಆಡಿರಲಿಲ್ಲ. ಅವಳು ನಮ್ಮ ಜೊತೆ ಹೇಳಿದಳು, ಕೊನೆಯ ಅಕ್ಷರದವರೆಗೆ, ನಮಗಿಂತ ಗಟ್ಟಿಯಾಗಿ.

ಜಗಲಿಯ ಕಡೆಯಿಂದ, ಬಾಯಿ ತುಂಬ ಎಲೆ ತುಂಬಿಕೊಂಡೇ, ಅತ್ತೆ "ಆಮೆನ್" ಎಂದು ಕೂಗಿದರು.